ಪಿನ್ನು ಹಾಕಿದ ಕಿಸೆ

ಕಡಲಂಚಿನ ಹಳ್ಳಿ ಪಿಂಚರ್ಸ್ ಕೋವಿನಲ್ಲಿ ಸ್ಟೇಸಿ ಕರೀನಳ ಕೈಗೆ ಯಾರೂ ಕೂಸು ಕೊಡುತ್ತಿರಲಿಲ್ಲ. ಮುಖ ಮುರಿದು ಕಳಿಸುತ್ತಿದ್ದರು ಎಂದಲ್ಲ. "ಈಗಷ್ಟೇ ನಿದ್ದೆ ಹತ್ತಿದೆ", "ಹೊಸಬರನ್ನ ಕಂಡ್ರೆ ಅಳುತ್ತೆ" ಎಂದು ಏನೋ ಒಂದು ನೆಪ ತೆಗೆಯುತ್ತಿದ್ದರು. ಹೊಸಬಳಂತೆ! ಹುಟ್ಟಿದ ಊರಿನಲ್ಲೇ ಅರವತ್ತೆರಡು ವರ್ಷ ಕಳೆದವಳು, ಮೀನಿನ ಕಾರ್ಖಾನೆ ಮುಚ್ಚುವ ತನಕ ಕಾಡ್ ಮೀನು ಸೀಳಿದವಳು. ಯಾರ ಮನೆಯಲ್ಲಿ ಸಾವಾದರೂ ಹೆಣ ತೊಳೆಯಲು ಇವಳೇ ಬೇಕು. ಕೂಸು ಎತ್ತಲು ಮಾತ್ರ ಬೇಡ.

ಕಾರಣ ಐವತ್ತೆರಡು ವರ್ಷ ಹಳೆಯದು. ಊರ ಹಿಂದೆ, ಪಾಚಿ ಮತ್ತು ನೆಲಕ್ಕಂಟಿದ ಹಣ್ಣಿನ ಪೊದೆ ಬಿಟ್ಟರೆ ಮರಗಿಡವಿಲ್ಲದ ಬೋಳುಗುಡ್ಡವಿದೆ. ಮಂಜು ಇಳಿದರೆ ಅಲ್ಲಿ ಮುಂದಿಟ್ಟ ಕಾಲು ಕಾಣುವುದಿಲ್ಲ. ಅಲ್ಲಿರುವ, ಮನುಷ್ಯರಲ್ಲದವರನ್ನು ಊರವರು ಹೆಸರು ಹಿಡಿದು ಕರೆಯುವುದಿಲ್ಲ, ಕೇಳಿಸಿಕೊಂಡಾರು ಎಂಬ ಹೆದರಿಕೆಗೆ "ಒಳ್ಳೆಯವರು" ಎನ್ನುತ್ತಾರೆ. ಕಿಸೆಯಲ್ಲಿ ಬ್ರೆಡ್ಡಿನ ತುಂಡಿದ್ದರೆ ಒಳ್ಳೆಯವರು ಮುಟ್ಟುವುದಿಲ್ಲ. ಕಿಸೆ ಬರಿದಾಗಿದ್ದರೆ ದಾರಿ ತಪ್ಪಿಸಿ ಕರೆದುಕೊಂಡು ಹೋಗುತ್ತಾರೆ. ಇವತ್ತಿಗೂ ಈ ಊರಿನ ಕೋಟುಗಳ ಕಿಸೆ ಒದರಿದರೆ ಬ್ರೆಡ್ಡಿನ ಪುಡಿ ಬೀಳುತ್ತದೆ. ಓದಿ ಬಂದ ಊರ ನರ್ಸ್ ಕೊಲೀನಳ ಕೋಟಿನಿಂದಲೂ.

ಆ ಆಗಸ್ಟಿನಲ್ಲಿ ಹತ್ತು ವರ್ಷದ ಸ್ಟೇಸಿ, ಪಕ್ಕದ ಮನೆಯ ಲೊರೆಟ್ಟಾ, ಸ್ಟೇಸಿಯ ಐದು ವರ್ಷದ ತಂಗಿ ಈಟಾ ಮೂವರೂ ಹಣ್ಣು ಬಿಡಿಸಲು ಗುಡ್ಡ ಹತ್ತಿದ್ದರು. ಮಂಜು ಇಳಿಯಿತು. ಇಬ್ಬರು ಮನೆಗೆ ಬಂದರು, ಈಟಾ ಬರಲಿಲ್ಲ. ಮೂರನೆಯ ದಿನ ಗುಡ್ಡದ ಕೊಳದ ಪಕ್ಕದಲ್ಲಿ ಅವಳ ಹೆಣ ಸಿಕ್ಕಿತು. ಫ್ರಾಕಿನ ಕಿಸೆಯ ಬಾಯಿಗೆ ಪಿನ್ನು ಹಾಕಿದ್ದು ಹಾಕಿದ ಹಾಗೇ ಇತ್ತು. ತಾಯಿ ಅದನ್ನು ಬಿಚ್ಚಿ ನೋಡಿದಳು. ಒಳಗೆ ಏನೂ ಇರಲಿಲ್ಲ.

"ಬ್ರೆಡ್ಡೆಲ್ಲಿ?" ಎಂದು ಸ್ಟೇಸಿಯನ್ನು ಕೇಳಿದಳು.

"ನಾನೇ ಹಾಕಿ ಪಿನ್ನು ಹಾಕ್ದೆ ಅಮ್ಮಾ."

ತಾಯಿ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು. ಐದು ವರ್ಷದ ಮಗುವಿನ ಬೆರಳಿಗೆ ಆ ಪಿನ್ನು ಬಗ್ಗುವಂಥದ್ದಲ್ಲ. ಹಾಗಾದರೆ ಅಕ್ಕನೇ ಗುಳುಂ ಮಾಡಿ ಬರೀ ಪಿನ್ನು ಹಾಕಿದ್ದಾಳೆ ಎಂದು ಊರು ತೀರ್ಮಾನಿಸಿತು. ತೀರ್ಮಾನ ಮಾಡುವುದರಲ್ಲಿ ನಮ್ಮ ಊರು ಎಂದೂ ಹಿಂದೆ ಬಿದ್ದಿಲ್ಲ.

ಲೊರೆಟ್ಟಾ ಒಬ್ಬಳು ಅವಳನ್ನು ಬಿಡಲಿಲ್ಲ. ಶಾಲೆಯಲ್ಲಿ ಪಕ್ಕದಲ್ಲಿ ಕೂತಳು, ಕಾರ್ಖಾನೆಯಲ್ಲಿ ಪಕ್ಕದಲ್ಲಿ ನಿಂತಳು, ಸ್ಟೇಸಿಯ ಗಂಡ ಆಂಬ್ರೋಸ್ ತೀರಿಕೊಂಡಾಗ ಹದಿನೈದು ದಿನ ಅವಳ ಮನೆಯಲ್ಲೇ ಮಲಗಿದಳು. ಇಂಥ ಗೆಳತಿ ಯಾರಿಗೆ ಸಿಗುತ್ತಾಳೆ ಎಂದು ಸ್ಟೇಸಿ ಎಷ್ಟೋ ಸಲ ಅಂದುಕೊಂಡದ್ದುಂಟು.

ಕಳೆದ ಆಗಸ್ಟಿನಲ್ಲಿ ಟೊರಾಂಟೊದಿಂದ ಮೂವರು ಬಂದರು, ಇಬ್ಬರು ಹುಡುಗರು ಮತ್ತು ಒಬ್ಬ ಹುಡುಗಿ. ದೆವ್ವ ಹುಡುಕಿ ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕುವುದು ಅವರ ಕಸುಬು. ಅಂಗಡಿಗೆ ಹೋಗಿ ಮೊಟ್ಟೆ ಕೇಳುವ ಹಾಗೆ "ಇಲ್ಲಿ ದೆವ್ವ ಎಲ್ಲಿ ಸಿಗುತ್ತೆ?" ಎಂದು ಕೇಳಿದರು. ಊರಿಗೆ ಹಬ್ಬವಾಯಿತು. ಕುರಿ ಸಾಕುವ ಮುದುಕ ಡಿನ್ ಹನ್ರಹನ್ ಗಂಭೀರವಾಗಿ ಪಾಠ ಹೇಳಿದ: "ಗುಡ್ಡದ ಮೇಲೆ ಕೋಟು ಒಳಗಿನದು ಹೊರಗೆ ತಿರುವಿ ಹಾಕ್ಕೊಳ್ಳಿ. ಕೊರಳಿಗೊಂದು ಉಪ್ಪು ಮೀನು ಕಟ್ಕೊಳ್ಳಿ. ಹಿಂದಕ್ಕೆ ಹಿಂದಕ್ಕೆ ನಡೀರಿ." ಕೋಟು ತಿರುವುವುದೊಂದು ಊರಿನ ನಿಜವಾದ ರೂಢಿ, ಮಿಕ್ಕಿದ್ದೆಲ್ಲ ಡಿನ್‌ನ ಕೊಡುಗೆ.

ಸ್ಟೇಸಿಯ ಬಾಗಿಲಿಗೂ ಬಂದರು. "ಆಂಟೀ, ಹಳೇ ಪೇಪರಲ್ಲಿ ಓದಿದ್ವಿ, ನಿಮ್ ತಂಗೀನ ದೆವ್ವ ಎತ್ಕೊಂಡ್ ಹೋಯ್ತಂತೆ?" ಎಂದ ಒಬ್ಬ, ಕ್ಯಾಮೆರಾ ಮುಖಕ್ಕೆ ಹಿಡಿದು. ಸ್ಟೇಸಿ ಬಾಗಿಲು ಹಾಕಿದಳು. ಅವರು ಲೊರೆಟ್ಟಾಳ ಮನೆಗೆ ಹೋದದ್ದನ್ನು, ಒಂದು ಗಂಟೆಯಾದರೂ ಹೊರಬಾರದ್ದನ್ನು ಕಿಟಕಿಯಿಂದ ನೋಡಿದಳು.

ನಾಲ್ಕನೆಯ ದಿನ ಮಧ್ಯಾಹ್ನ ಮೂವರೂ ಗುಡ್ಡದಿಂದ ಎದ್ದೆವೋ ಬಿದ್ದೆವೋ ಎಂದು ಓಡಿಬಂದು, ಕಾರು ಹತ್ತಿ ಹೊರಟೇ ಹೋದರು. ಒಬ್ಬನ ಕಾಲಲ್ಲಿ ಒಂದೇ ಬೂಟು ಇತ್ತು.

ವಾರ ಕಳೆದು ಹಣ್ಣಿಗೆ ಹೋದ ಸ್ಟೇಸಿಗೆ ಪಾಚಿಯ ನಡುವೆ ಅವರ ಕ್ಯಾಮೆರಾ ಸಿಕ್ಕಿತು. ಮೊದಲು ಲೊರೆಟ್ಟಾಳಿಗೇ ತೋರಿಸಿದಳು. ಲೊರೆಟ್ಟಾ ಬಿಳಿಚಿಕೊಂಡಳು.

"ಸಮುದ್ರಕ್ಕೆ ಎಸಿಯೇ ಅದನ್ನ."

"ನನ್ ಬಗ್ಗೆ ಯಾರ್ಯಾರು ಏನೇನ್ ಹೇಳಿದಾರೋ ಒಂದ್ಸಲ ಕೇಳ್ಬೇಕು ಕಣೇ. ಎದುರಿಗೆ ಯಾರೂ ಹೇಳಿಲ್ಲ ನೋಡು."

"ಕೇಳಿ ಏನ್ ಮಾಡ್ತೀಯ? ಮತ್ತೆ ಅಳ್ತೀಯ."

ನನಗೆ ನೋವಾಗದಿರಲಿ ಎಂದು ಹೇಳುತ್ತಿದ್ದಾಳೆ ಎಂದುಕೊಂಡಳು ಸ್ಟೇಸಿ. ಕ್ಯಾಮೆರಾ ತಗೊಂಡು, ಕಂಪ್ಯೂಟರ್ ಬಲ್ಲ ಕೊಲೀನಳ ಬಳಿ ಹೋದಳು. ಕೊಲೀನ್ ಅದರೊಳಗಿನ ಮೆಮೊರಿ ಕಾರ್ಡು ಒಣಗಿಸಿದಳು, ಸುಮ್ಮನಿರದೆ ಊರಿಗೆಲ್ಲ ಹೇಳಿಯೂ ಬಂದಳು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚಿನ ಹಾಲ್‌ನಲ್ಲಿ ಪರದೆಗಳನ್ನು ಎಳೆದು, ಗೋಡೆಯ ಮೇಲೆ ವಿಡಿಯೊ ಹಾಕಿದರು. ಲೊರೆಟ್ಟಾ ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತಳು.

ಮೊದಲ ಅರ್ಧ ಗಂಟೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಡಿನ್ ತನ್ನ ಸುಳ್ಳನ್ನೇ ಕೇಳಿ ಕಣ್ಣೊರೆಸಿಕೊಂಡ. ಸ್ಟೇಸಿಯ ಬಗ್ಗೆ ಯಾರೂ ಒಂದು ಮಾತೂ ಆಡಿರಲಿಲ್ಲ. ಈಟಾಳ ಸುದ್ದಿ ಎತ್ತಿದಾಗ ಎಲ್ಲ ಕಡೆಯೂ "ಅದು ನಮ್ ಮನೆ ವಿಷಯ, ಬಿಡಪ್ಪಾ" ಎಂದಿದ್ದರು. ಅವಳ ಎದೆ ಸ್ವಲ್ಪ ಹಗುರವಾಯಿತು.

ಆಮೇಲೆ ಲೊರೆಟ್ಟಾಳ ಅಡುಗೆಮನೆ ಬಂತು. ಕ್ಯಾಮೆರಾ ಆಫ್ ಆಗಿದೆ ಎಂದುಕೊಂಡು ಯಾರೋ ಅದನ್ನು ಮೇಜಿನ ಮೇಲಿಟ್ಟಿದ್ದರು. ಟೀ ಪಾತ್ರೆಯ ಹಿಂದೆ ಲೊರೆಟ್ಟಾಳ ಅರ್ಧ ಮುಖ ಕಾಣುತ್ತಿತ್ತು. ಗುಡ್ಡದ ಒಳ್ಳೆಯವರನ್ನು ನೀವು ನಂಬ್ತೀರಾ ಎಂದು ಹುಡುಗಿ ಮೆಲ್ಲಗೆ ಕೇಳಿದಳು.

"ಇಲ್ಲ ಮಗಳೇ. ನಂಬಿದ್ರೆ ಆ ಕೂಸನ್ನ ಕೊಂದಿದ್ದು ನಾನು ಅಂತ ಆಗುತ್ತೆ. ಅವತ್ತು ನಮ್ಮನೇಲಿ ತಿನ್ನಕ್ಕೇನೂ ಇರ್ಲಿಲ್ಲ. ಸ್ಟೇಸಿ ಆ ಕಡೆ ತಿರುಗಿದ್ಲು. ಪಿನ್ನು ಬಿಚ್ದೆ, ತಿಂದೆ, ಮತ್ತೆ ಪಿನ್ನು ಹಾಕ್ದೆ."

ಹಾಲ್‌ನಲ್ಲಿ ಯಾರೋ ಟೀ ಲೋಟ ಕೆಳಗಿಟ್ಟರು. ನಿಲ್ಲಿಸುವುದು ಕೊಲೀನಳಿಗೆ ಹೊಳೆಯಲಿಲ್ಲ, ವಿಡಿಯೊ ಓಡುತ್ತಲೇ ಇತ್ತು. ಗೋಡೆಯ ತುಂಬ ಮಂಜು. ತಿರುವಿದ ಕೋಟು, ಕೊರಳಲ್ಲಿ ಉಪ್ಪು ಮೀನು. ಮೂವರೂ ಹಿಂದಕ್ಕೆ ನಡೆಯುತ್ತ ಒಬ್ಬರ ಬೆನ್ನಿಗೊಬ್ಬರು ಡಿಕ್ಕಿ ಹೊಡೆದು ಕಿರುಚಿದರು. ಮಂಜಿನೊಳಗಿಂದ ಒಂದು ಉದ್ದ ಮುಖ ಬಂದು ಕ್ಯಾಮೆರಾ ಮೂಸಿತು. ಅದು ಡಿನ್‌ನ ಟಗರು. ವರ್ಷಗಟ್ಟಲೆ ಹೇಳಿಕೊಂಡು ನಗುವಂಥ ದೃಶ್ಯ. ಒಬ್ಬರೂ ನಗಲಿಲ್ಲ. ಡಿನ್ ತನ್ನ ಬೂಟು ನೋಡುತ್ತ ಕೂತಿದ್ದ.

ಸ್ಟೇಸಿ ಎದ್ದು ಹೊರಗೆ ಬಂದಳು. ಲೊರೆಟ್ಟಾ ಮೆಟ್ಟಿಲ ಮೇಲೆ ನಿಂತಿದ್ದಳು.

"ನಂಗೆ ಹತ್ತು ವರ್ಷ ಕಣೇ ಸ್ಟೇಸ್."

"ನಂಗೂ ಹತ್ತೇ."

"ನಾಳೆ ಹೇಳೋಣ, ನಾಳೆ ಹೇಳೋಣ ಅಂತಲೇ ಆಯ್ತು. ನಿನ್ ಜೊತೇನೇ ಇದ್ಬಿಟ್ರೆ ಆ ಋಣ ತೀರುತ್ತೆ ಅನ್ಕೊಂಡಿದ್ದೆ."

ಸ್ಟೇಸಿ ಒಂದು ಮೆಟ್ಟಿಲು ಇಳಿದು ಅವಳ ಕಡೆ ತಿರುಗಿದಳು.

"ಅಮ್ಮ ಸಾಯೋವಾಗ ನೀನು ಟೀ ಮಾಡ್ತೀನಿ ಅಂತ ಒಳಗೆ ಹೋದೆ, ನೆನಪಿದ್ಯಾ? ಆಗ ಕೇಳಿದ್ಲು, ಬ್ರೆಡ್ಡೆಲ್ಲಿ ಅಂತ. ಇಪ್ಪತ್ತು ವರ್ಷ ಆದ್ಮೇಲೆ ಕೇಳಿದ್ಲು. ನೆಮ್ಮದಿಯಾಗಿ ಹೋಗ್ಲಿ ಪಾಪ ಅಂತ, ಹೌದಮ್ಮಾ ನಾನೇ ತಿಂದೆ ಅಂದೆ."

ಲೊರೆಟ್ಟಾ ಕಂಬಿ ಹಿಡಿದುಕೊಂಡಳು. "ಏನಂದ್ಲು?"

"ಗೊತ್ತಿತ್ತು ಅಂದ್ಲು. ಗೋಡೆ ಕಡೆ ತಿರುಗಿದ್ಲು. ಮತ್ತೆ ಈ ಕಡೆ ತಿರುಗ್ಲೇ ಇಲ್ಲ. ಅವತ್ತಿಂದ ನಾನು ತಿಂದಿದ್ನೋ ಇಲ್ವೋ ನಂಗೇ ಮರ್ತು ಹೋಯ್ತು ಕಣೇ. ಈಗ ನಂಗೆ ಗೊತ್ತಾಯ್ತು, ಊರಿಗೆ ಗೊತ್ತಾಯ್ತು. ಅವಳಿಗೆ ಹೇಳೋರು ಯಾರೇ?"

ಸ್ಟೇಸಿ ಕೋಟಿನ ಗುಂಡಿ ಹಾಕಿಕೊಂಡು ಮನೆಯ ಕಡೆ ನಡೆದಳು.