ಕಾಣದ ಕಾಯಿಲೆಗೆ ಕಾರ್ಡು ಮಾಡಿಸುವ ರಾಧಾಮಣಿ

ಇನ್ನೂ ಕೋಳಿ ಕೂಗಿಲ್ಲ. ಪಾವಗಡ ತಾಲ್ಲೂಕಿನ ರಾಯಚೆರ್ಲು ಕಡೆಯ ಸಣ್ಣ ಹಳ್ಳಿಯೊಂದರಲ್ಲಿ, ಸೋಲಾರ್ ಪಾರ್ಕಿನ ಬೇಲಿಯ ಪಕ್ಕದ ಮಣ್ಣುದಾರಿ ಹಿಡಿದು ರಾಧಾಮಣಿ ಬಿರಬಿರನೆ ನಡೆಯುತ್ತಿದ್ದಾರೆ. ಕಂಕುಳಲ್ಲಿ ಪ್ಲಾಸ್ಟಿಕ್ ಫೈಲು. ಕೈಯಲ್ಲಿ ಟಾರ್ಚ್ ಇದೆ, ಹಚ್ಚಿಲ್ಲ. ಕೊನೆಯ ಮನೆಯ ಬಾಗಿಲನ್ನು ಎರಡೇ ಬೆರಳಿನಿಂದ ಮೆತ್ತಗೆ ತಟ್ಟುತ್ತಾರೆ. ಬಾಗಿಲು ಗೇಣುದ್ದ ತೆರೆದು, ಅವರನ್ನು ಒಳಗೆ ಬಿಟ್ಟುಕೊಂಡು ಮತ್ತೆ ಮುಚ್ಚಿಕೊಳ್ಳುತ್ತದೆ.

"ಬೆಳ್ಕರದ್ ಮೇಲೆ ಬಂದ್ರೆ ಬೀದಿಯೆಲ್ಲ ನೋಡ್ತೈತೆ. ನಾನ್ ಕಾಲಿಟ್ಟ ಮನೇಲಿ ಯಾರಿಗೋ ತಲೆ ಸರಿಯಿಲ್ಲ ಅಂತ ಊರಿಗೇ ಗೊತ್ತಾಗ್ಬುಡ್ತೈತೆ. ಅದ್ಕೇ ಇಷ್ಟೊತ್ಗೆ ಬರೋದು" ಎನ್ನುತ್ತಾರೆ ಅವರು.

ನಲವತ್ತೊಂದರ ರಾಧಾಮಣಿ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ. ಅಂಗವಿಕಲರನ್ನು ಹುಡುಕಿ, ವೈದ್ಯರ ಮುಂದೆ ನಿಲ್ಲಿಸಿ, ಅಂಗವೈಕಲ್ಯದ ಕಾರ್ಡು ಮಾಡಿಸಿ, ಮಾಸಾಶನದ ಅರ್ಜಿ ಹಾಕಿಸುವುದು ಅವರ ಕೆಲಸ. ಏಳು ಹಳ್ಳಿ, ದಿನಕ್ಕೆ ಕಮ್ಮಿಯೆಂದರೂ ಹನ್ನೆರಡು ಕಿಲೋಮೀಟರ್ ನಡಿಗೆ. ಈ ಕೆಲಸಕ್ಕೆ ಸೇರಲು ತಾವೂ ಅಂಗವಿಕಲರಾಗಿರಬೇಕು. ಅರ್ಜಿ ಕೊಟ್ಟ ದಿನ ಪಂಚಾಯಿತಿ ಸದಸ್ಯ ಓಬಳಯ್ಯ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೈಕಾಲು ನೆಟ್ಟಗಿದಾವಲ್ಲ, ನಿಂಗೇನಾಗೈತೆ ಎಂದು ಕೇಳಿದ್ದರು. ರಾಧಾಮಣಿ ತಮ್ಮ ಕಾರ್ಡನ್ನು ಮೇಜಿನ ಮೇಲಿಟ್ಟರು. ಅದರಲ್ಲಿ ಮಾನಸಿಕ ಕಾಯಿಲೆ ಎಂದಿತ್ತು. ಓಬಳಯ್ಯ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಎಳೆದುಕೊಂಡರಂತೆ.

ಸಿರಾ ಕಡೆಗೆ ಮದುವೆಯಾಗಿ ಹೋಗಿದ್ದವರು ಅವರು. ಇಪ್ಪತ್ಮೂರನೇ ವಯಸ್ಸಿನಲ್ಲಿ ನಿದ್ದೆ ಬಿಟ್ಟುಹೋಯಿತು. ತಿಂಗಳುಗಟ್ಟಲೆ ಮಾತು ನಿಲ್ಲುತ್ತಿರಲಿಲ್ಲ, ಆಮೇಲೆ ತಿಂಗಳುಗಟ್ಟಲೆ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ. ಎರಡು ದಿನ ಇದ್ದು ಬರಲಿ ಎಂದು ತವರಿಗೆ ತಂದುಬಿಟ್ಟ ಗಂಡ ಮತ್ತೆ ಇತ್ತ ತಲೆಹಾಕಲಿಲ್ಲ. ಅಣ್ಣ ರಂಗರಾಜು ಆಸ್ಪತ್ರೆಗೆ ತೋರಿಸಿದ, ಹಿತ್ತಿಲ ಕೋಣೆ ಬಿಟ್ಟುಕೊಟ್ಟ. ಮಾತ್ರೆ ನುಂಗುತ್ತಾ ಹದಿನೆಂಟು ವರ್ಷವಾಯಿತು.

ಇವತ್ತು ಬಂದಿರುವುದು ಪೆದ್ದಮ್ಮನ ಮನೆಗೆ. ಪೆದ್ದಮ್ಮನ ಮಗ ಯತ್ತಪ್ಪನಿಗೆ ಮೂವತ್ನಾಲ್ಕು, ಕುರಿ ಕಾಯುತ್ತಾನೆ. ಯಾರೂ ಇಲ್ಲದ ಕಡೆ ಅವನಿಗೆ ದನಿಗಳು ಕೇಳುತ್ತವೆ. ಇವತ್ತು ಮಧುಗಿರಿಯಲ್ಲಿ ಕಾರ್ಡಿಗಾಗಿ ವೈದ್ಯರ ತಪಾಸಣಾ ಶಿಬಿರವಿದೆ. ಹೋದ ವರ್ಷವೂ ಕರೆದೊಯ್ದಿದ್ದರು. ಸ್ನಾನ ಮಾಡ್ತಾನಾ, ಕೆಲಸ ಮಾಡ್ತಾನಾ, ಜನರ ಜೊತೆ ಬೆರೀತಾನಾ ಎಂದು ಡಾಕ್ಟರು ಕೇಳಿದ ಒಂದೊಂದಕ್ಕೂ ಪೆದ್ದಮ್ಮ ಹೂಂ ಎನ್ನುತ್ತಾ ಬಂದು, ಕೊನೆಗೆ ತನ್ನ ಮನೆಮಾತು ತೆಲುಗಿನಲ್ಲೇ "ನಾ ಕೊಡುಕು ಬಂಗಾರಂ" ಎಂದುಬಿಟ್ಟಿದ್ದಳು. ಬಂಗಾರದಂಥ ಮಗನಿಗೆ ಅಂಗವೈಕಲ್ಯ ಶೇಕಡಾ ಮೂವತ್ತು ಎಂದು ಬರೆದರು. ಮಾಸಾಶನಕ್ಕೆ ನಲವತ್ತು ಬೇಕು.

"ಎಲ್ಲಾ ತಾಯಂದ್ರೂ ಇಂಗೇ. ಮಕ್ಕಳನ್ನ ಬಿಟ್ಕೊಡಲ್ಲ" ಎನ್ನುತ್ತಾರೆ ರಾಧಾಮಣಿ. ಒಂದು ವಾರದಿಂದ ಅವರು ಪೆದ್ದಮ್ಮನಿಗೆ ಹೇಳಿಕೊಡುತ್ತಿದ್ದಾರೆ, ಒಳ್ಳೇ ದಿನದ ಮಾತು ಬೇಡ, ಕೆಟ್ಟ ದಿನ ಹೆಂಗಿರ್ತೈತೋ ಅದನ್ನು ಹೇಳು ಎಂದು. ಅವನೆದುರಿಗೇ ಹೆಂಗಮ್ಮಾ ಹೇಳಲಿ ಎಂದು ಪೆದ್ದಮ್ಮ ಇವತ್ತೂ ಕೇಳುತ್ತಾಳೆ.

ಮೊದಲ ಬಸ್ಸಿಗೆ ಮೂವರೂ ಹೊರಡುತ್ತಾರೆ. ಸಮುದಾಯ ಭವನದಲ್ಲಿ ಇವರ ಸರದಿ ಬರುವ ಹೊತ್ತಿಗೆ ಹನ್ನೊಂದು ದಾಟಿದೆ. ಡಾಕ್ಟರ ಮೇಜಿಗೂ ಹಿಂದೆ ನಿಂತವರಿಗೂ ನಡುವೆ ಒಂದು ಪರದೆಯೂ ಇಲ್ಲ. ಡಾಕ್ಟರು ಮೊದಲ ಪ್ರಶ್ನೆ ಕೇಳುತ್ತಾರೆ. ಪೆದ್ದಮ್ಮ ಬಾಯಿ ತೆರೆಯುತ್ತಾಳೆ, ಮಗನ ಮುಖ ನೋಡುತ್ತಾಳೆ, ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಾಳೆ. ಡಾಕ್ಟರು ಮತ್ತೊಮ್ಮೆ ಕೇಳುತ್ತಾರೆ. ಮನೆಯವರೇ ಹೇಳಬೇಕಾದ ಮಾತನ್ನು ರಾಧಾಮಣಿ ಹೇಳುವಂತಿಲ್ಲ.

ಆಗ ನೆಲ ನೋಡುತ್ತಲೇ ಯತ್ತಪ್ಪ ಬಾಯಿಬಿಡುತ್ತಾನೆ. "ಕುರಿ ಎಣ್ಸಕ್ಕಾಗಲ್ಲ ಸಾರ್. ಹತ್ತು ಹನ್ನೆರಡಕ್ಕೆ ಬರೋ ಹೊತ್ಗೆ ಅವ್ರು ಮಾತಾಡಕ್ಕೆ ಸುರು ಮಾಡ್ತಾರೆ. ಮತ್ತೆ ಒಂದ್ರಿಂದ ಎಣುಸ್ಬೇಕು. ಅಷ್ಟ್ರಲ್ಲಿ ಕತ್ಲಾಗ್ಬುಡ್ತೈತೆ."

ಸಾಲಿನಲ್ಲಿ ಯಾರೋ ನಗುತ್ತಾರೆ. ಯತ್ತಪ್ಪ ನಿಲ್ಲಿಸುವುದಿಲ್ಲ. ಸ್ನಾನಕ್ಕೆ ಹೆದರಿಕೆಯಾಗುವುದು, ಈಗಲೂ ಅಮ್ಮನೇ ಹಿಡಿದು ಕೂರಿಸಿ ನೀರು ಹುಯ್ಯುವುದು, ಒಮ್ಮೆ ಅವಳ ಮೇಲೇ ಕೈ ಮಾಡಿದ್ದು, ಒಂದೊಂದಾಗಿ ಎಲ್ಲವನ್ನೂ ಹೇಳುತ್ತಾನೆ. ಡಾಕ್ಟರು ಕೊನೆಯವರೆಗೂ ಕೇಳಿಸಿಕೊಂಡು ಬರೆಯುತ್ತಾರೆ. ಈ ಸಲ ಐವತ್ತೈದು, ಕಾರ್ಡು ಮೂರು ವರ್ಷದ ಮಟ್ಟಿಗೆ.

ವಾಪಸು ಬರುವಾಗ ಪೆದ್ದಮ್ಮ ಬೇರೆ ಸೀಟಿನಲ್ಲಿ ಕೂರುತ್ತಾಳೆ. ಪಾವಗಡದಲ್ಲಿ ಇಳಿದ ಮೇಲೆ ರಾಧಾಮಣಿಯ ಕೈ ಹಿಡಿದುಕೊಂಡು, "ಇನ್ ನಮ್ಮನೆ ಕಡೆ ಬರ್ಬ್ಯಾಡ ಕಣಮ್ಮ" ಎನ್ನುತ್ತಾಳೆ. ದನಿಯಲ್ಲಿ ಸಿಟ್ಟಿಲ್ಲ. ರಾಧಾಮಣಿ ಆಗಲಿ ಎಂದು ತಲೆಯಾಡಿಸುತ್ತಾರೆ.

ಹನ್ನೊಂದು ವರ್ಷದಲ್ಲಿ ಇಂಥ ಇಪ್ಪತ್ಮೂರು ಕಾರ್ಡು ಮಾಡಿಸಿದ್ದಾರೆ. ಆ ಇಪ್ಪತ್ಮೂರು ಮನೆಗಳಲ್ಲಿ ಮದುವೆಯಾಗಿವೆ, ನಾಮಕರಣವಾಗಿವೆ, ಒಂದಕ್ಕೂ ಕರೆ ಬಂದಿಲ್ಲ. ಸಂತೆಯಲ್ಲಿ ಎದುರು ಸಿಕ್ಕರೆ ಕೆಲವರು ಸೊಪ್ಪಿನ ಕಡೆ ಮುಖ ತಿರುಗಿಸುತ್ತಾರೆ. ಸಂಜೆ ಹಿತ್ತಿಲ ಕೋಣೆಯಲ್ಲಿ ಒಬ್ಬರಿಗಾಗುವಷ್ಟು ಅನ್ನ ಮಾಡಿಕೊಳ್ಳುತ್ತಾರೆ. ಮುಂದಿನ ಮನೆಯಲ್ಲಿ ಅಣ್ಣನ ಮಕ್ಕಳು ಟೀವಿ ನೋಡುತ್ತಾ ಊಟ ಮಾಡುವುದು ಗೋಡೆಯಾಚೆಯಿಂದ ಕೇಳುತ್ತಿರುತ್ತದೆ. ಬೇಜಾರಾಗುವುದಿಲ್ಲವೇ ಎಂದರೆ ತಟ್ಟೆ ತೊಳೆಯುತ್ತಲೇ ಹೇಳುತ್ತಾರೆ, "ಆಗ್ತೈತೆ. ಆದ್ರೆ ಅವ್ರು ನನ್ ಗುರ್ತು ಹಿಡುದ್ರೆ ಅವ್ರ ಮನೆ ಹೆಣ್ಮಕ್ಳಿಗೆ ಗಂಡು ಸಿಗಲ್ಲ."

ಈಗ ಆ ಶಿಬಿರ ಮುಗಿದು ಎರಡು ತಿಂಗಳಾಗಿದೆ. ಯತ್ತಪ್ಪನಿಗೆ ಮಾಸಾಶನ ಮಂಜೂರಾಗಿದ್ದು ರಾಧಾಮಣಿಗೆ ಗೊತ್ತಾದದ್ದು ಪೋಸ್ಟ್‌ಮ್ಯಾನ್ ಬಾಯಿಂದ. ಹೋದ ವಾರ ಕೆರೆ ಏರಿಯ ಮೇಲೆ ಯತ್ತಪ್ಪನೇ ಕುರಿಗಳ ಸಮೇತ ಎದುರಾದ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವನು ಮುಂದೆ ಹೋದವನು ತಿರುಗಿ ಬಂದು ನಿಂತು, "ಅಕ್ಕಾ, ನಿಂಗೂ ಕೇಳ್ತೈತಾ?" ಎಂದ.

ಕೇಳುವುದಿಲ್ಲ, ತನಗೆ ನಿದ್ದೆಯದ್ದೇ ಕಷ್ಟ ಎಂದರು ರಾಧಾಮಣಿ. ಎಷ್ಟು ವರ್ಷದಿಂದ ಎಂದು ಅವನು ಕೇಳಿದ. ಇವರು ಹೇಳಿದರು. ಕುರಿಗಳು ಏರಿಯಿಂದ ಇಳಿದು ಹೋಗುವವರೆಗೂ ಇಬ್ಬರೂ ಅಲ್ಲೇ ನಿಂತಿದ್ದರಂತೆ.

"ಎಲ್ಲಾರ್ ಮನೇಲೂ ನಾನೇ ಕೇಳೋದು, ಹೆಂಗಿದೀಯಾ, ಏನಾಗ್ತೈತೆ ಅಂತ" ಎನ್ನುತ್ತಾ ರಾಧಾಮಣಿ ನಾಳೆಯ ಫೈಲಿಗೆ ದಾರ ಕಟ್ಟುತ್ತಾರೆ. "ನನ್ನ ಕೇಳ್ದೋನು ಅವ್ನೊಬ್ನೇ ನೋಡಿ."