ಹಸಿರು ಮದುಮಗಳನ್ನು ಹುಡುಕಿ ಪೆದ್ದಕಡುಬೂರಿಗೆ

ಬಳ್ಳಾರಿಯಿಂದ ಆದೋನಿ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಟಿತು. ನಮ್ಮಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ, ಆದರೆ ಗಡಿ ದಾಟುವ ಬಸ್ಸಿಗೆ ಅದು ನಡೆಯುವುದಿಲ್ಲ. ಆಂಧ್ರದಲ್ಲೂ ಪುಕ್ಕಟೆ, ಆದರೆ ನನ್ನ ಆಧಾರ್ ಕಾರ್ಡು ಬಳ್ಳಾರಿಯದು. ಹೀಗಾಗಿ ಎರಡೂ ಕಡೆ ಟಿಕೆಟ್ ತೆಗೆಸಿದೆ, ಗೊಣಗಿಕೊಂಡೇ ತೆಗೆಸಿದೆ.

ಹೊರಟದ್ದು ಒಂದು ಚಿತ್ರದ ಪುಸ್ತಕಕ್ಕಾಗಿ. ನಾನು ಐದು ವರ್ಷದವಳಿದ್ದಾಗ ಅವ್ವ ಬಹಳ ದಿನ ಆಸ್ಪತ್ರೆಯಲ್ಲಿದ್ದಳು. ಆ ವರ್ಷ ನನ್ನನ್ನು ಪೆದ್ದಕಡುಬೂರಿನಲ್ಲಿ, ಅವ್ವನ ತವರಿನಲ್ಲಿ ಬಿಟ್ಟಿದ್ದರು. ಮಲಗುವ ಹೊತ್ತಿಗೆ ಅಜ್ಜಿ ಸಾಲಿನ ಕೆಳಗೆ ಬೆರಳಾಡಿಸುತ್ತಾ ಆ ಪುಸ್ತಕ ಓದುತ್ತಿದ್ದಳು. ಒಂದು ಹಸಿರು ಹುಳ ಮದುಮಗಳಾಗಿ ಗಂಡನ ಮನೆಗೆ ಹೊರಡುತ್ತದೆ. ಕೊನೆಯಲ್ಲಿ ಬೆಳ್ಳಗಿನ ಮನೆ ಸೇರುತ್ತದೆ, ಬೆನ್ನಿಗೆ ಡಬ್ಬಿ ಕಟ್ಟಿಕೊಂಡ ಮಾವ ಎಲ್ಲರ ಮೇಲೂ ಪನ್ನೀರು ಚಿಮುಕಿಸುತ್ತಾನೆ. ನಡುವೆ ಆಕೆ ಹೇಗೆ ಹೋದಳು ಅನ್ನುವುದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗುತ್ತಿರಲಿಲ್ಲ. ಮೊಮ್ಮಗಳು ಚಿನ್ನಿಗೆ ಕಥೆ ಹೇಳುವಾಗ ಪ್ರತಿ ಸಲ ಅಲ್ಲೇ ಸಿಕ್ಕಿಬೀಳುತ್ತಿದ್ದೆ. ನಾನೇ ಏನಾದರೂ ಸೇರಿಸಬಹುದಿತ್ತು. ಆದರೆ ನನಗೆ ಅಜ್ಜಿಯ ಮಾತೇ ಬೇಕಾಗಿತ್ತು. ಬಳ್ಳಾರಿ, ಹುಬ್ಬಳ್ಳಿಯ ಅಂಗಡಿಗಳಲ್ಲಿ ಕೇಳಿ ಕೇಳಿ ಸಾಕಾಗಿತ್ತು.

ಹಾಲಹರವಿ ದಾಟಿದ ಮೇಲೆ ಎರಡೂ ಕಡೆ ಎರೆಹೊಲ, ಸೊಂಟದೆತ್ತರ ಹತ್ತಿ. ಕಾಯಿ ಒಡೆದು ಬಿಳುಪೇರಿತ್ತು, ಬಿಡಿಸುವವರು ಆಗಲೇ ಸಾಲು ಹಿಡಿದಿದ್ದರು. ಆದೋನಿಯಲ್ಲಿ ಹತ್ತಿ ತುಂಬಿದ ಟ್ರ್ಯಾಕ್ಟರುಗಳ ನಡುವೆ ನುಸುಳಿ ಬಸ್ ನಿಲ್ದಾಣ ಸೇರಲು ಅರ್ಧ ಗಂಟೆ ಹಿಡಿಯಿತು. ಉಗ್ಗಾಣಿ, ಬಜ್ಜಿ ತಿಂದೆ. ಬಜ್ಜಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಪಕ್ಕದ ಪುಸ್ತಕದಂಗಡಿಯಲ್ಲಿ ವಿಚಾರಿಸಿದರೆ ಮಾಲೀಕ ತಲೆಯಾಡಿಸಿದ.

"ಕನ್ನಡ ಕಥಿ ಬುಕ್ಕಾ ಮೇಡಂ? ಲೇದು. ಇಲ್ಲಿ ಯಾರ್ ಕೇಳ್ತಾರ್ರಿ?"

ಪೆದ್ದಕಡುಬೂರಿಗೆ ಹೋಗುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಊರಲ್ಲಿ ಈಗ ಇರುವುದು ಸೋದರಮಾವನ ಹೆಂಡತಿ ನಾಗಮ್ಮತ್ತೆ. ರೊಟ್ಟಿ, ಪುಂಡಿಪಲ್ಯದ ಊಟ ಮುಗಿಯುವ ತನಕ ಅವಳು ನನಗೆ ಮಾತಿಗೆ ಬಾಯಿ ತೆರೆಯಲು ಬಿಡಲಿಲ್ಲ. ಆಮೇಲೆ ಪುಸ್ತಕದ ವಿಷಯ ಎತ್ತಿದೆ. ಅವಳು ದೇವರ ಗೂಡಿನಿಂದ ಕೆಂಪು ಬಟ್ಟೆಯ ಗಂಟೊಂದನ್ನು ಇಳಿಸಿದಳು.

"ಅಕ್ಷರ ಇದ್ದ ಕಾಗದ ಸರಸ್ವತಿ, ಬಿಸಾಡಬಾರ್ದು ಅಂತಿದ್ಲು ನಮ್ಮತ್ತಿ, ನಿಮ್ಮಜ್ಜಿ. ಬಸ್ ಟಿಕೀಟು ಸೈತ ಕಟ್ಟಿಟ್ಟಾಳ ನೋಡು. ದಸರಾಕ್ಕೊಮ್ಮೆ ಗಂಟಿಗೆ ಕುಂಕುಮ ಹಚ್ತೀವಿ, ಬಿಚ್ಚೋದಿಲ್ಲ."

ನನಗಾಗಿ ಬಿಚ್ಚಿದಳು. ಲಗ್ನಪತ್ರಿಕೆ, ಬೆಂಕಿಪೊಟ್ಟಣದ ಚೀಟಿಗಳ ಕೆಳಗೆ ಅದು ಇತ್ತು. ಹಸಿರು ಹುಳ, ಬೆಳ್ಳಗಿನ ಮನೆ, ಡಬ್ಬಿಯ ಮಾವ, ಎಲ್ಲ ಇದ್ದವು. ಅವಸರದಲ್ಲಿ ನಡುವಿನ ಪುಟ ತೆರೆದೆ. ಆದರೆ ಅಕ್ಷರವೆಲ್ಲ ತೆಲುಗು. ನನಗೆ ಮಾತು ತಿಳಿಯುತ್ತದೆ, ಓದು ಬರುವುದಿಲ್ಲ. ನಂದವರಂನಲ್ಲಿ ತೆಲುಗು ಶಾಲೆ ಕಲಿತ ಅತ್ತೆ ಕನ್ನಡಕ ಏರಿಸಿದಳು. ಎರಡು ಪುಟ ಓದಿ ನಕ್ಕಳು.

"ಇದರಾಗ ಕಥಿ ಎಲ್ಲೈತಿ? ಹತ್ತಿಗೆ ಬೀಳೋ ಪುರುಗು, ಅದಕ್ಕ ಹೊಡೆಯೋ ಮಂದು. ಬೀಜದಂಗಡ್ಯಾಗ ಪುಕ್ಕಟ ಕೊಡ್ತಿದ್ರು."

ಬೆಳ್ಳಗಿನ ಮನೆ ಒಡೆದ ಹತ್ತಿಕಾಯಿ. ಪನ್ನೀರಿನ ಮಾವ ಹುಳಕ್ಕೆ ವಿಷ ಹೊಡೆಯುತ್ತಿದ್ದ.

"ಮತ್ತೆ ಅಜ್ಜಿ ಓದ್ತಿದ್ಲಲ್ಲತ್ತಿ?"

"ನಿಮ್ಮಜ್ಜಿಗೆ ಓದಾಕ ಎಲ್ಲಿ ಬರ್ತಿತ್ತು! ತೆಲುಗೂ ಇಲ್ಲ, ಕನ್ನಡಾನೂ ಇಲ್ಲ."

ನನಗೆ ಬಹಳ ಬೇಸರವಾಯಿತು. ಹಾಗಾದರೆ ನಡುವಿನ ಕಥೆ ಅಜ್ಜಿಯ ಜೊತೆಗೇ ಹೋಯಿತು ಅಂದೆ. ಅತ್ತೆ ಪುಸ್ತಕ ಮಡಚಿ ನನ್ನನ್ನೇ ನೋಡಿದಳು.

"ನಡುವಿಂದು ಆಕಿ ಎಂದ್ ಹೇಳ್ಯಾಳ? ಹ್ಯಾಂಗ ಹೋದ್ಲು ಹೇಳವ್ವಾ ಅಂತ ನಿನ್ನೇ ಕೇಳ್ತಿದ್ಲು. ಬ್ಯಾರೆ ಹುಡುಗ್ರು ಬಂಡಿ ಕಟ್ತಿದ್ರು, ಕುದುರಿ ಹತ್ತಿಸ್ತಿದ್ರು. ನೀನು ದಿನಾ ಬಳ್ಳಾರಿ ಬಸ್ಸಿಗೇ ಹತ್ತಿಸ್ತಿದ್ದಿ. ಹತ್ತಿಸಿದ ಕೂಡ್ಲೇ ನಾನೂ ಅವ್ವನ ಕಡಿ ಹೋಗ್ತೀನಂತ ಅಳಾಕ ಸುರು. ಆಗ ಆಕಿ, ಬಸ್ ಪಂಚರ್ ಆಗೈತವ್ವಾ, ಈ ಹೊತ್ತು ಇಲ್ಲೇ ಮಲಗ್ಲಿ, ನಾಳಿ ಹೋಗ್ತಾಳ ಅನ್ನಾಕಿ. ನೀನೂ ಮಲಗ್ತಿದ್ದಿ. ಪನ್ನೀರಿನ ಕಡೀ ಕಥಿ ಏನಿದ್ರೂ ಬೆಳಿಗ್ಗೆ ಹಾಲು ಕುಡಿವಾಗ ಹೇಳ್ತಿದ್ಲು."

ಅತ್ತದ್ದು ನನಗೆ ಒಂದಿಷ್ಟೂ ನೆನಪಿಲ್ಲ. ಆ ವರ್ಷ ನಾನು ಕುಣಿದುಕೊಂಡು ಇದ್ದೆ ಅಂತಲೇ ಎಲ್ಲರಿಗೂ ಹೇಳುತ್ತಾ ಬಂದವಳು ನಾನು. ಅತ್ತೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡೆ, ಈ ಸಲ ಬಜ್ಜಿಯ ನೆಪವೂ ಇರಲಿಲ್ಲ.

ಅತ್ತೆ ಪುಸ್ತಕಕ್ಕೆ ಕುಂಕುಮ ಹಚ್ಚಿ ನನ್ನ ಚೀಲಕ್ಕೆ ಹಾಕಿದಳು. "ಈ ಹೊತ್ತು ಇಲ್ಲೇ ಮಲಗು, ನಾಳಿ ಹೋಗುವಿಯಂತ" ಅಂದಳು. ಚಿನ್ನಿ ಕಾಯುತ್ತಿರುತ್ತಾಳೆ ಎಂದು ಹೇಳಿ ಹೊರಟುಬಿಟ್ಟೆ.

ಆದೋನಿಯಲ್ಲಿ ಬಳ್ಳಾರಿಯ ಬಸ್ಸು ಹಿಡಿದೆ. ಪುಸ್ತಕ ತೊಡೆಯ ಮೇಲಿತ್ತು, ನಡುವಿನ ಪುಟ ತೆರೆದೇ ಇತ್ತು. ಹಾಲಹರವಿಯಲ್ಲಿ ಬಸ್ಸು ಇದ್ದಕ್ಕಿದ್ದಂತೆ ನಿಂತಿತು. ಪಂಚರ್ ಇರಬಹುದೇ ಎಂದು ಕಿಟಕಿಯಿಂದ ಬಗ್ಗಿ ನೋಡಿದೆ, ಆಗಿದ್ದರೆ ಒಳ್ಳೆಯದಿತ್ತು ಅಂತಲೂ ಅನ್ನಿಸಿತು. ಡ್ರೈವರು ಚಹಾ ಕುಡಿಯಲು ಇಳಿದಿದ್ದ, ಅಷ್ಟೇ. ಹೊತ್ತು ಮುಳುಗುವ ಮೊದಲೇ ಬಳ್ಳಾರಿ ಬಂತು.