ನಫೀಸಾ ಹಾಕಿದ ಸಹಿ

ಮೊನ್ನೆ ಈ ಕೊಲ್ಲಿ ದೇಶದ ರಿಫಾ ಪಟ್ಟಣದ ನಮ್ಮ ಮನೆಯಲ್ಲಿ ಬಸಳೆ ಬಿಡಿಸುತ್ತ ಕೂತಿದ್ದೆ. ಟಿವಿಯಲ್ಲಿ ಯಾವುದೋ ದೇಶದ ಸುದ್ದಿ: ಭ್ರೂಣವನ್ನೂ ಕಾನೂನು ಪೂರ್ಣ ವ್ಯಕ್ತಿಯೆಂದೇ ಕಾಣಬೇಕಂತೆ. ಕೋಟು ತೊಟ್ಟ ನಾಲ್ವರು ಗಂಡಸರು ವಾದಿಸುತ್ತಿದ್ದರು. ಬಸುರಿಯ ಮಾತನ್ನು ಒಬ್ಬರೂ ಎತ್ತಲಿಲ್ಲ. ನನಗೆ ನಫೀಸಾ ನೆನಪಾದಳು.

ಹತ್ತು ವರ್ಷದ ಹಿಂದೆ ಇದೇ ದೇಶದ ಮುಹರ್ರಕ್ ಊರಿನಲ್ಲಿ ನಮ್ಮದು ಎದುರುಬದುರು ಬಾಗಿಲು. ಉಳ್ಳಾಲದವಳು, ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ನನ್ನ ರವಿಕೆಯ ಅಳತೆ ವರ್ಷವರ್ಷ ಹಿಗ್ಗುವುದನ್ನು ಕಂಡೂ ಬಾಯಿ ಬಿಡದಷ್ಟು ಸಜ್ಜನಿಕೆ ಅವಳದು. ಮದುವೆಯಾಗಿ ಆರು ವರ್ಷದ ಮೇಲೆ ಮೊದಲ ಬಸಿರು ನಿಂತಿತ್ತು.

ಐದನೇ ತಿಂಗಳಲ್ಲಿ, ಒಂದು ಬೆಳಿಗ್ಗೆ, ಅವಳ ಗರ್ಭದ ನೀರು ಒಡೆಯಿತು. ಗಂಡ ಲಾರಿ ತೆಗೆದುಕೊಂಡು ಸೌದಿಗೆ ಹೋಗಿದ್ದ; ಫೋನು ಸಿಗಲಿಲ್ಲ. ನಾನೇ ಟ್ಯಾಕ್ಸಿ ಮಾಡಿ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿದ್ದ ಕಿರಿಯ ಡಾಕ್ಟರು ಪರೀಕ್ಷಿಸಿ, ಮಗು ಉಳಿಯುವುದಿಲ್ಲ ಎಂದರು. ಆದರೆ ಅದರ ಎದೆ ಇನ್ನೂ ಬಡಿಯುತ್ತಿದೆ, ಹಾಗಾಗಿ ಗಂಡನ ಸಹಿಯಿಲ್ಲದೆ ಹೆರಿಗೆ ಮಾಡಿಸುವಂತಿಲ್ಲ ಎಂದೂ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ನಫೀಸಾಳಿಗೆ ನಂಜಿನ ಜ್ವರ ಏರಿ ಮೈ ನಡುಗತೊಡಗಿತು.

ನಾನೋ, ಬಸ್ ಕಂಡಕ್ಟರು ಗದರಿದರೂ ತಲೆ ತಗ್ಗಿಸುವ ಪೈಕಿ. "ಸ್ವಲ್ಪ ಕಾಯುವ ನಫೀಸಾ, ಡಾಕ್ಟ್ರಲ್ವಾ, ಅವರಿಗೆ ಗೊತ್ತಿರ್ತದೆ" ಎಂದೆ.

ಅವಳು ನನ್ನ ಕೈ ಹಿಡಿದಳು. ಅಂಗೈ ಸುಡುತ್ತಿತ್ತು. "ಜ್ವರ ಬಂದದ್ದು ಯಾರಿಗೆ ಅಕ್ಕ? ನನಗಲ್ವಾ? ಮಗು ಉಳಿಯುದಿಲ್ಲ ಅಂತ ಅವರೇ ಹೇಳಿದ್ರು. ಒಟ್ಟಿಗೆ ನಾನೂ ಹೋಗ್ಬೇಕಾ? ಒಂದು ಕಾಗದ ತೆಗೀರಿ. ನಾನು ಹೇಳ್ತೇನೆ, ನೀವು ಇಂಗ್ಲಿಷಲ್ಲಿ ಬರೀರಿ."

ಚೀಲದಲ್ಲಿ ಸಿಕ್ಕಿದ್ದು ಮಗಳ ಶಾಲೆಯ ಸುತ್ತೋಲೆ. ಅದರ ಹಿಂಬದಿಯಲ್ಲೇ ಬರೆದೆ: 'ನನ್ನ ಸ್ಥಿತಿ ನನಗೆ ಗೊತ್ತಿದೆ. ಚಿಕಿತ್ಸೆ ಈಗಲೇ ಬೇಕು. ಕಾಯಿರಿ ಎನ್ನುವವರು ಕೆಳಗೆ ತಮ್ಮ ಹೆಸರು ಬರೆಯಲಿ.' ಅವಳು ಸಹಿ ಹಾಕಿದಳು. ನರ್ಸಿನ ಕೈಗೆ ಕೊಟ್ಟು, "ಇದು ನನ್ನ ಫೈಲಿನಲ್ಲಿರಲಿ. ದೊಡ್ಡ ಡಾಕ್ಟರನ್ನು ಕರೀರಿ" ಎಂದು ಹಿಂದಿಯಲ್ಲಿ ಹೇಳಿದಳು.

ಹೆಸರು ಬರೆಯಲು ಯಾರೂ ಮುಂದಾಗಲಿಲ್ಲ. ಹಿರಿಯ ವೈದ್ಯೆ ಬಂದರು. ಕಾಗದ ಓದಿದರು, ಅವಳ ಹಣೆ ಮುಟ್ಟಿ ನೋಡಿದರು, "ಇವಳ ಸಹಿ ಸಾಕು" ಎಂದರು. ಸಂಜೆಯೊಳಗೆ ಎಲ್ಲ ಮುಗಿಯಿತು. ನಫೀಸಾ ಉಳಿದಳು.

ಗೇಣುದ್ದದ ಆ ಮಗುವನ್ನು ಅವಳು ಬಹಳ ಹೊತ್ತು ಎದೆಗೊತ್ತಿಕೊಂಡೇ ಇದ್ದಳು. "ನನಗೆ ಇದು ಬೇಡದ ಮಗು ಅಂತ ಯಾರೂ ಹೇಳ್ಬಾರ್ದು ಅಕ್ಕ" ಎಂದು ಬಿಕ್ಕಿದಳು. ಮರುದಿನ ಓಡಿ ಬಂದ ಗಂಡ ಮಂಚದ ಅಂಚಿನಲ್ಲಿ ಕೂತು, "ನೀನು ಮಾಡಿದ್ದು ಸರಿ" ಎಂದ. ಮತ್ತೆ ಇಬ್ಬರೂ ಅತ್ತರು.

ನಿನ್ನೆ ನಮ್ಮ ಮೇಲಿನ ಫ್ಲ್ಯಾಟಿನ ಬಸುರಿ ಹುಡುಗಿ, "ಆಸ್ಪತ್ರೆಗೆ ಜೊತೆಗೆ ಬರ್ತೀರಾ ಆಂಟಿ?" ಎಂದು ಕೇಳಿದಳು. ಹೋದೆ. ಕೌಂಟರಿನವನು ಅವಳನ್ನು ಬಿಟ್ಟು ನನ್ನತ್ತ ನೋಡಿ, ಇವಳ ಪರವಾಗಿ ತೀರ್ಮಾನ ಹೇಳುವವರು ಯಾರು ಎಂದ.

"ಅವಳೇ ಇದ್ದಾಳಲ್ಲ, ಕೇಳಿ" ಎಂದೆ. ದನಿ ತುಸು ಜೋರಾಯಿತೇನೋ, ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ನೋಡಲಿ ಎಂದು ನಿಂತೇ ಇದ್ದೆ, ಅವನು ಅವಳ ಮುಖ ನೋಡಿ ಮಾತಾಡುವವರೆಗೆ.